ಸೀನರಿ ಫೋಟೋಕ್ಕ ಪಗಾರ ಎಷ್ಟು?

ಲ್ಯಾಂಡ್‌ಸ್ಕೇಪ್ ಫೋಟೋಗ್ರಫಿಗೆ ಕನ್ನಡದಲ್ಲಿ ಏನಂತಾರೆ ಅಂತ ಬಳಗದ ಸೀನಿಯರ್ಸ್ ಹತ್ತಿರ ಕೇಳಿದ್ವಿ. 'ಭೂದೃಶ್ಯ ಛಾಯಾಗ್ರಹಣ' ಅಂದ್ರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಅದನ್ನ ತಪ್ಪಿಲ್ಲದೆ ಟೈಪ್ ಮಾಡೋಕೇ ಮೂರು ಸಲ ಬೇಕಾಯ್ತು. ಊರಲ್ಲಿ ಇಷ್ಟು ಕಷ್ಟ ಇಲ್ಲ. ಅಲ್ಲಿ ಅದಕ್ಕೆ 'ಸೀನರಿ' ಅಂತಾರೆ, ಮುಗೀತು. ಹಾಗಾಗಿ ನಾವೂ ಸೀನರಿ ಅಂತಲೇ ಬರೀತೀವಿ.

ನಾವು ಅಂದ್ರೆ ಮೂವರು ಹುಡುಗಿಯರು. ಒಬ್ಬಳು ಮಸ್ಕಿ, ಒಬ್ಬಳು ಸಿಂಧನೂರು, ಒಬ್ಬಳು ಲಿಂಗಸುಗೂರು. ಟೈಪ್ ಮಾಡ್ತಿರೋಳು ಒಬ್ಬಳೇ, ಮಾತು ಮೂವರದ್ದು. ಒಬ್ಬ ಹುಡುಗಿ ಒಬ್ಬಳೇ ತಿರುಗಾಡಿ ಸೀನರಿ ಫೋಟೋ ತೆಗೆದು ಅದರಿಂದಲೇ ಜೀವನ ಮಾಡಬಹುದಾ ಅನ್ನೋದು ನಮ್ಮ ಪ್ರಶ್ನೆ. ಪ್ರಶ್ನೆ ಹುಟ್ಟಿದ್ದು ಹೋದ ವರ್ಷ ಸಂಕ್ರಾಂತಿ ಮುಗಿದ ಮರುದಿನ, ಮಸ್ಕಿಯಲ್ಲಿ.

ಮಸ್ಕಿ ಗುಡ್ಡದ ಮೇಲಿಂದ ಸೂರ್ಯೋದಯ ತೆಗೀಬೇಕು ಅಂತ ಅಲ್ಲಿನ ಗೆಳತಿ ಮನೇಲಿ ರಾತ್ರಿ ಉಳಿದಿದ್ವಿ. ಬೆಳಗ್ಗೆ ಐದಕ್ಕೆ ಎದ್ದು ಬ್ಯಾಗ್ ಹಾಕಿಕೊಂಡ್ರೆ ಅವಳ ಅವ್ವ ಬಾಗಿಲಲ್ಲಿ ನಿಂತಿದ್ರು. "ಇಷ್ಟೊತ್ನಾಗ ಯಾರ ಕೂಡ ಹೊಂಟೀರಿ? ಬೆಳಕು ಹರೀಲಿ, ಆಮ್ಯಾಲ ಹೋಗ್ರಿ." ನಾವು ಮೂರು ಜನ ಇದ್ದೀವಲ್ಲ ಅಂದ್ವಿ. ಮೂರು ಜನ ಹುಡುಗಿಯರು ಇದ್ರೂ 'ಜೊತೆಗೆ ಯಾರೂ ಇಲ್ಲ' ಅನ್ನೋ ಲೆಕ್ಕ ಅವರದ್ದು. ಕೊನೆಗೆ ಒಪ್ಪಂದ ಏನಾಯ್ತು ಅಂದ್ರೆ, ಒಂಬತ್ತನೇ ಕ್ಲಾಸಿನ ತಮ್ಮನನ್ನ ಎಬ್ಬಿಸಿ ನಮ್ಮ ರಕ್ಷಣೆಗೆ ಕಳಿಸಿದ್ರು. ದಾರಿಯಲ್ಲಿ ನಾಯಿ ಬೊಗಳಿದಾಗ ಅವನು ನಮ್ಮ ಹಿಂದೆ ಬಂದು ನಿಂತ. ಗುಡ್ಡದ ಮೇಲೆ ಬಂಡೆಗೆ ಒರಗಿ ನಿದ್ದೆ ಹೊಡೆದ. ಈಗಲೂ ಆ ವಿಷಯ ತೆಗೆದ್ರೆ ಸಿಟ್ಟು ಮಾಡ್ಕೋತಾನೆ.

'ಬೆಳಕು ಹರೀಲಿ' ಅನ್ನೋ ಮಾತು ಯಾಕೆ ಈ ಕೆಲಸದ ಬುಡಕ್ಕೇ ಏಟು ಹಾಕುತ್ತೆ ಅಂತ ಸ್ವಲ್ಪ ಲೆಕ್ಕ ಹಾಕಿ ತೋರಿಸ್ತೀವಿ. ಸೀನರಿ ಫೋಟೋ ನಿಂತಿರೋದೇ ಸೂರ್ಯ ಕೆಳಗಿರೋವಾಗಿನ ಬೆಳಕಿನ ಮೇಲೆ. ಸೂರ್ಯ ದಿಗಂತದಲ್ಲಿದ್ದಾಗ ಅವನ ಕಿರಣ ನೆತ್ತಿಯ ಮೇಲಿದ್ದಾಗಿಗಿಂತ ಹೆಚ್ಚುಕಡಿಮೆ 38 ಪಟ್ಟು ಗಾಳಿಯನ್ನ ದಾಟಿ ಬರಬೇಕು. ನೀಲಿ ದಾರಿಯಲ್ಲೇ ಚದುರಿ ಹೋಗಿ ಕೆಂಪು, ಹಳದಿ ಮಾತ್ರ ಉಳಿಯುತ್ತೆ. ಫಿಸಿಕ್ಸ್‌ನಲ್ಲಿ ಓದಿದ ರೇಲೀ ಸ್ಕ್ಯಾಟರಿಂಗ್ ಇದೇ. ಬಣ್ಣಕ್ಕಿಂತ ನಮಗೆ ಮುಖ್ಯ ಅನ್ನಿಸಿದ್ದು ನೆರಳು. ಬೆಳಕು ಅಡ್ಡಲಾಗಿ ಬಿದ್ದಾಗ ಎರೆಹೊಲದ ಒಂದೊಂದು ಸಾಲೂ, ಬಂಡೆಯ ಒಂದೊಂದು ಬಿರುಕೂ ಎದ್ದು ಕಾಣುತ್ತೆ. ಅದೇ ಹೊಲವನ್ನ ಮಧ್ಯಾಹ್ನ ತೆಗೆದ್ರೆ ಡಾಂಬರು ಹಾಕಿದ ಮೈದಾನದ ಥರ ಬರುತ್ತೆ. ಏಪ್ರಿಲ್, ಮೇ ತಿಂಗಳಲ್ಲಂತೂ 40 ಡಿಗ್ರಿ ದಾಟಿದ ಬಿಸಿಲಿಗೆ ದೂರದ ಗುಡ್ಡ ನೀರಿನೊಳಗಿದ್ದಂತೆ ಅಲ್ಲಾಡುತ್ತೆ.

ಈ ಒಳ್ಳೆ ಬೆಳಕು ಎಷ್ಟು ಹೊತ್ತು ಇರುತ್ತೆ? ಸೂರ್ಯ ದಿಗಂತದಿಂದ 6 ಡಿಗ್ರಿ ಏರೋವರೆಗೆ ಅಂತ ಇಟ್ಕೊಳ್ಳೋಣ. ಮಸ್ಕಿ ಇರೋದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮೇಲೇರ್ತಾನೆ, ಗಂಟೆಗೆ 13ರಿಂದ 14 ಡಿಗ್ರಿ. ಅಂದ್ರೆ ನಮಗೆ ಸಿಗೋದು 25ರಿಂದ 28 ನಿಮಿಷ. ಲಂಡನ್‌ನಲ್ಲಿ ಸೂರ್ಯ ಓರೆಯಾಗಿ ಏರ್ತಾನೆ, ಅಲ್ಲಿನವರಿಗೆ 40ರಿಂದ 50 ನಿಮಿಷ ಸಿಗುತ್ತೆ. ಫೋಟೋಗ್ರಫಿ ಪುಸ್ತಕಗಳಲ್ಲಿ 'ಗೋಲ್ಡನ್ ಅವರ್' ಅಂತ ಬರೆದಿರೋದು ಅವರ ಲೆಕ್ಕ. ನಮ್ಮದು ಗೋಲ್ಡನ್ ಅರ್ಧ ಗಂಟೆ, ಅದೂ ಪೂರ್ತಿ ಅಲ್ಲ. ಸಂಕ್ರಾಂತಿ ಹೊತ್ತಿಗೆ ಮಸ್ಕಿಯಲ್ಲಿ ಸೂರ್ಯ ಹುಟ್ಟೋದು 6:50ರ ಸುಮಾರಿಗೆ. ಅದಕ್ಕೂ ಅರ್ಧ ಗಂಟೆ ಮುಂಚೆ ಆಕಾಶದ ಬಣ್ಣ ಶುರುವಾಗುತ್ತೆ. ಟ್ರೈಪಾಡ್ ನಿಲ್ಲಿಸಿ, ಫ್ರೇಮ್ ಇಟ್ಟು, 6:15ಕ್ಕೆ ನಾವು ರೆಡಿ ಇರಬೇಕು. ಮನೆ ಬಿಡೋದು ಐದೂಕಾಲಿಗೆ. ಬೆಳಕು ಹರಿದ ಮೇಲೆ ಹೊರಟು ಗುಡ್ಡ ಹತ್ತೋ ಹೊತ್ತಿಗೆ ಅಂಗಡಿ ಬಾಗಿಲು ಹಾಕಿರುತ್ತೆ. ಸಂಜೆ ಇನ್ನೊಂದು 25 ನಿಮಿಷ ಇದೆ, ಅದನ್ನ 'ದೀಪ ಹಚ್ಚೋ ಹೊತ್ತಿಗೆ ಮನ್ಯಾಗಿರಬೇಕು' ಅನ್ನೋ ರೂಲ್ ನುಂಗಿಬಿಡುತ್ತೆ. ಅಂದ್ರೆ ಮನೆಯವರು ಹುಡುಗಿಗೆ 'ಬೇಡ' ಅನ್ನೋ ಹೊತ್ತೂ ಈ ಕೆಲಸದ ಡ್ಯೂಟಿ ಟೈಮೂ ನಿಮಿಷ ತಪ್ಪದೆ ಒಂದೇ.

ಆದ್ರೆ ಅವತ್ತು ಗುಡ್ಡದ ಕಡೆ ಹೋಗೋವಾಗ ಒಂದು ವಿಷಯ ನೋಡಿದ್ವಿ. ಕತ್ತಲಲ್ಲೇ ಟಂಟಂಗಳು ನಿಂತಿದ್ವು, ಒಂದೊಂದರಲ್ಲಿ ಹತ್ತು ಹನ್ನೆರಡು ಹೆಣ್ಣುಮಕ್ಕಳು. ಹತ್ತಿ ಬಿಡಿಸೋಕೆ ಕೆಲವರು, ಸಿಂಧನೂರು ಕಡೆಯ ಕ್ಯಾಂಪ್‌ಗಳಿಗೆ ನೆಲ್ಲು ನಾಟಿ ಮಾಡೋಕೆ ಕೆಲವರು. ತಲೆಗೆ ಟವೆಲ್ ಸುತ್ತಿಕೊಂಡು, ಬುತ್ತಿ ಗಂಟು ಹಿಡ್ಕೊಂಡು ಕೂತಿದ್ರು. ಅವರಲ್ಲಿ ನಮ್ಮ ವಯಸ್ಸಿನವರೂ ಇದ್ರು. ಅವರನ್ನ ಯಾರೂ 'ಇಷ್ಟೊತ್ನಾಗ ಎಲ್ಲಿಗೆ' ಅಂತ ಕೇಳಲ್ಲ. ಅದೇನು ಸ್ವಾತಂತ್ರ್ಯ ಅಂತ ನಾವು ಹೇಳ್ತಿಲ್ಲ, ಹೋಗದಿದ್ರೆ ಕೂಲಿ ಇಲ್ಲ ಅಷ್ಟೇ. ಅದರಲ್ಲಿ ಒಬ್ಬ ಅಮ್ಮ ನಮ್ಮ ಟ್ರೈಪಾಡ್ ನೋಡಿ ಕೇಳಿದ್ರು, "ಏನ್ ಕೆಲಸಕ್ಕ ಹೊಂಟೀರವ್ವ, ಸರ್ವೇದವ್ರೇನು?" "ಇಲ್ಲಮ್ಮ, ಸೀನರಿ ಫೋಟೋ ತೆಗಿಯಾಕ." ಅವರು ಪಕ್ಕದವರ ಮುಖ ನೋಡಿ ನಕ್ಕು, "ಅದಕ್ಕ ಪಗಾರ ಎಷ್ಟ್ ಕೊಡ್ತಾರವ್ವ?" ಅಂದ್ರು. ನಾವು ಉತ್ತರ ಕೊಡಲಿಲ್ಲ, ಯಾಕಂದ್ರೆ ಗೊತ್ತಿರಲಿಲ್ಲ. ಇಡೀ ಸೆಮಿಸ್ಟರ್ ಅದೇ ಪ್ರಶ್ನೆ ತಲೆಯಲ್ಲಿತ್ತು. ಸರ್ವೇದವರು ಅಂದಿದ್ರೆ ಮಾತು ಅಲ್ಲಿಗೇ ಮುಗೀತಿತ್ತು. ಕತ್ತಲಲ್ಲಿ ಹೊರಗೆ ಹೋಗೋಕೆ ನಮ್ಮೂರಲ್ಲಿ ಹೆಣ್ಣುಮಕ್ಕಳಿಗೆ ಇರೋ ಪಾಸು ಅಂದ್ರೆ 'ಕೆಲಸ'. ಸೀನರಿ ತೆಗೆಯೋದು ಕೆಲಸ ಅಂತ ಯಾರೂ ಒಪ್ಪಿಲ್ಲ, ಅದಕ್ಕೇ ಪಾಸು ಇಲ್ಲ.

ಹಾಗಾದ್ರೆ ಯಾರಾದ್ರೂ ಇದನ್ನ ಕೆಲಸ ಮಾಡಿಕೊಂಡಿದ್ದಾರಾ? ನಮ್ಮ ಸೀಮೆಯ ಹಳೇ ಹೆಸರುಗಳೆಲ್ಲ ಗಂಡಸರದ್ದೇ. ಹಂಪಿಯನ್ನ 1856ರಲ್ಲೇ ಫೋಟೋ ತೆಗೆದ ಅಲೆಕ್ಸಾಂಡರ್ ಗ್ರೀನ್‌ಲಾ ಕಂಪನಿ ಸೈನ್ಯದ ಅಧಿಕಾರಿ. ಕಾಡು, ಪ್ರಾಣಿಗಳ ಫೋಟೋಗೆ ಹೆಸರಾದ ಎಂ. ವೈ. ಘೋರ್ಪಡೆಯವರು ಸಂಡೂರಿನ ರಾಜಮನೆತನದವರು, ಮುಂದೆ ರಾಜ್ಯದ ಹಣಕಾಸು ಸಚಿವರೂ ಆದವರು. ಇವರ ಫೋಟೋಗಳ ಬಗ್ಗೆ ನಮಗೆ ಗೌರವ ಇದೆ, ಆದ್ರೆ ಇವರನ್ನ ಯಾರೂ ಪಗಾರ ಕೇಳಿರಲಿಕ್ಕಿಲ್ಲ.

ಹುಡುಕ್ತಾ ಹೋದಾಗ ನಮಗೆ ತುಂಬಾ ಹತ್ತಿರ ಅನ್ನಿಸಿದ್ದು ದೂರದ ಇಂಗ್ಲೆಂಡಿನ ಫೇ ಗಾಡ್ವಿನ್. 1931ರಲ್ಲಿ ಹುಟ್ಟಿದವರು, 2005ರಲ್ಲಿ ತೀರಿಕೊಂಡ್ರು. ಫೋಟೋಗ್ರಫಿ ಎಲ್ಲೂ ಕೋರ್ಸ್ ಮಾಡಿ ಕಲಿತಿದ್ದಲ್ಲ, ತಮ್ಮ ಮಕ್ಕಳ ಫೋಟೋ ತೆಗೀತಾ ಕಲಿತದ್ದು. ಗಂಡನಿಂದ ಬೇರೆಯಾದ ಮೇಲೆ ಇಬ್ಬರು ಗಂಡುಮಕ್ಕಳನ್ನ ಸಾಕೋ ಜವಾಬ್ದಾರಿ ಬಂತು. ಸೀನರಿ ತೆಗೆದು ಸಾಕಲಿಲ್ಲ. ಪ್ರಕಾಶಕರಿಗಾಗಿ ಲೇಖಕರ ಭಾವಚಿತ್ರ ತೆಗೆದು ಸಾಕಿದ್ರು. ಆ ಪ್ರಕಾಶಕರ ಪರಿಚಯದಿಂದಲೇ ಮುಂದೆ ಪುಸ್ತಕಗಳಾದ್ವು. ಹಳೇ ಕಾಲುದಾರಿಯೊಂದರ ಬಗ್ಗೆ 'ದಿ ಓಲ್ಡೆಸ್ಟ್ ರೋಡ್' 1975ರಲ್ಲಿ, ಅವರ ಹೆಸರು ನಿಲ್ಲಿಸಿದ 'ಲ್ಯಾಂಡ್' 1985ರಲ್ಲಿ ಬಂತು. ಬೇಲಿ ಹಾಕಿ ಜನ ನಡೆಯೋ ದಾರಿ ಮುಚ್ಚೋದನ್ನ ವಿರೋಧಿಸಿ, 1987ರಿಂದ 1990ರವರೆಗೆ ಅಲ್ಲಿನ ಕಾಲ್ನಡಿಗೆಯವರ ಸಂಘಕ್ಕೆ ಅಧ್ಯಕ್ಷೆಯಾಗಿದ್ರು. ನಡೆಯೋ ಹಕ್ಕು ಇಲ್ಲದಿದ್ರೆ ತೆಗೆಯೋಕೆ ಸೀನರಿಯೇ ಇರಲ್ಲ ಅಂತ ಅವರಿಗೆ ಗೊತ್ತಿತ್ತು. ನಮಗೆ ಬೇಲಿ ಹೊಲಕ್ಕಿಲ್ಲ, ಗಡಿಯಾರಕ್ಕಿದೆ.

ನಮ್ಮ ರಾಜ್ಯದಲ್ಲಿ ನೋಡಿದ್ರೆ ಬೆಂಗಳೂರಿನಲ್ಲಿ ನೆಲೆಸಿರೋ ಕ್ಲೇರ್ ಆರ್ನಿ ಇದ್ದಾರೆ. ಹುಟ್ಟಿದ್ದು ಸ್ಕಾಟ್ಲೆಂಡ್, ಬಾಲ್ಯ ಕಳೆದದ್ದು ತಮಿಳುನಾಡು. 1999ರಲ್ಲಿ ಬಂದ 'ಎಟರ್ನಲ್ ಕಾವೇರಿ' ಅನ್ನೋ ಪುಸ್ತಕದಲ್ಲಿ ಕಾವೇರಿ ದಡದ ಗುಡಿ, ಊರುಗಳ ಫೋಟೋಗಳು ಅವರವು. ಆದ್ರೆ ಅವರನ್ನ ಬರೀ ನದಿಯ ಫೋಟೋಗ್ರಾಫರ್ ಅನ್ನೋಕಾಗಲ್ಲ. ಕಟ್ಟಡಗಳ ಫೋಟೋ, ಪ್ರವಾಸದ ಫೋಟೋ, ಕಲಾವಿದೆ ಪುಷ್ಪಮಾಲಾ ಅವರ ಜೊತೆ ಸೇರಿ ಮಾಡಿದ ಕೆಲಸ, ಹೀಗೆ ಹಲವು ಇವೆ. ಎಂಜಿನಿಯರಿಂಗ್ ಓದಿದವರ ಉದಾಹರಣೆ ಬೇಕು ಅನ್ನೋರಿಗೆ ರತಿಕಾ ರಾಮಸ್ವಾಮಿ ಇದ್ದಾರೆ. ತಮಿಳುನಾಡಿನವರು, ಕಂಪ್ಯೂಟರ್ ಎಂಜಿನಿಯರಿಂಗ್ ಓದಿ, ಎಂಬಿಎ ಮಾಡಿ, ಆಮೇಲೆ ಪಕ್ಷಿಗಳ ಕಡೆ ಕ್ಯಾಮೆರಾ ತಿರುಗಿಸಿದವರು. ಫೋಟೋ ಮಾರೋದರ ಜೊತೆಗೆ ಪುಸ್ತಕ, ಕಾರ್ಯಾಗಾರಗಳೂ ಅವರ ಕೆಲಸದ ಭಾಗ. ಸೀನರಿಯವರಲ್ಲ, ಆದ್ರೆ ಡಿಗ್ರಿಯನ್ನ ಮನೆಯವರ ಬಾಯಿ ಮುಚ್ಚಿಸೋಕೆ ಹೇಗೆ ಬಳಸಬಹುದು ಅನ್ನೋದಕ್ಕೆ ನಮಗೆ ಆಗಾಗ ಈ ಹೆಸರು ಬೇಕಾಗುತ್ತೆ.

ಇವರನ್ನೆಲ್ಲ ನೋಡಿದ ಮೇಲೆ ಟಂಟಂನ ಅಮ್ಮನಿಗೆ ಕೊಡಬೇಕಾದ ಉತ್ತರ ಅರ್ಧ ಸಿಕ್ತು. ಸೀನರಿಗೆ ಪಗಾರ ಅಂತ ಇಲ್ಲ. ಪಗಾರ ಬರೋದು ಅಕ್ಕಪಕ್ಕದ ಕೆಲಸದಿಂದ: ಮದುವೆ, ನಾಮಕರಣ, ಕಟ್ಟಡ, ಕಂಪನಿ ಬ್ರೋಷರ್, ಕಲಿಸೋದು. ಸ್ಟಾಕ್ ವೆಬ್‌ಸೈಟ್‌ಗೆ ಹಾಕಿದ್ರೆ ಒಂದು ಡೌನ್‌ಲೋಡ್‌ಗೆ ಸಿಗೋ ರೊಕ್ಕದಲ್ಲಿ ಚಹಾ ಬರುತ್ತೋ ಇಲ್ವೋ. ಸ್ಪರ್ಧೆಗಳೂ ಇವೆ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ನಡೀತಿದೆ, ಅಂಥ ಕಡೆ ಕಲಿಯೋಕೆ ಬೇಕಾದಷ್ಟಿದೆ, ಹೆಸರೂ ಬರುತ್ತೆ. ಆದ್ರೆ ಮನೆ ಬಾಡಿಗೆ ಕಟ್ಟೋದು ಹೆಸರಲ್ಲ. ನಮ್ಮಲ್ಲಿ ಲಿಂಗಸುಗೂರಿನವಳು ಇದನ್ನ ಒಪ್ಪಲ್ಲ. ಮದುವೆ ಫೋಟೋ ತೆಗೀತಾ ಕೂತ್ರೆ ಹತ್ತು ವರ್ಷ ಆದ್ಮೇಲೂ ಮದುವೆ ಫೋಟೋನೇ ತೆಗೀತಿರ್ತೀವಿ ಅನ್ನೋದು ಅವಳ ವಾದ. ಅವಳ ಮಾತಲ್ಲೂ ಸತ್ಯ ಇದೆ. ಜಗಳ ಇನ್ನೂ ಮುಗಿದಿಲ್ಲ.

ಖರ್ಚಿನ ಕಡೆ ಮಾತ್ರ ಸೀನರಿ ಬಡವರ ಬಂಧು. ಗುಡ್ಡ ಓಡಿ ಹೋಗಲ್ಲ, ಹಾಗಾಗಿ ಪಕ್ಷಿ ತೆಗೆಯೋರ ಥರ ದೊಡ್ಡ ಲೆನ್ಸು, ವೇಗದ ಕ್ಯಾಮೆರಾ ಬೇಡ. ನಮ್ಮ ಮೂವರಿಗೂ ಸೇರಿ ಇರೋದು ಸೀನಿಯರ್ ಹತ್ತಿರ 14,000 ರೂಪಾಯಿಗೆ ತಗೊಂಡ ಹಳೇ ಡಿಎಸ್‌ಎಲ್‌ಆರ್, ಅದರ ಜೊತೆ ಬಂದ 18-55 ಲೆನ್ಸು. ಐಎಸ್‌ಒ 100, ಎಫ್ 8 ಅಥವಾ 11, ಗಟ್ಟಿ ಟ್ರೈಪಾಡು, ಕೈ ತಾಗದಂತೆ ಎರಡು ಸೆಕೆಂಡ್ ಟೈಮರ್. ಕತ್ತಲಿದ್ರೆ ಶಟರ್ ಹೆಚ್ಚು ಹೊತ್ತು ತೆರೆದಿರುತ್ತೆ, ಅಷ್ಟೇ. ಸ್ವಲ್ಪ ರೊಕ್ಕ ಇದ್ರೆ ಲೆನ್ಸ್‌ಗಿಂತ ಮೊದಲು ಟ್ರೈಪಾಡ್‌ಗೆ ಹಾಕಿ, ನಮ್ಮ ಮೊದಲನೇದು ಗಾಳಿಗೆ ಬಿದ್ದು ಕಾಲು ಮುರ್ಕೊಂಡಿತು. ಇನ್ನೊಂದು, ತಿರುಗಾಟದ ಖರ್ಚು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಒಂದೇ ಜಾಗಕ್ಕೆ ಐದು ಸಲ ಹೋಗಿ ಬರಬೇಕಾದ ಈ ಕೆಲಸಕ್ಕೆ ಇದು ಎಷ್ಟು ದೊಡ್ಡ ವಿಷಯ ಅಂತ ಹುಡುಗರಿಗೆ ಬೇಗ ಅರ್ಥ ಆಗಲ್ಲ. ಮುದಗಲ್ ಕೋಟೆಗೆ ನಾವು ನಾಲ್ಕು ಸಲ ಹೋದ್ವಿ, ಬೆಳಕು ಸರಿ ಸಿಕ್ಕಿದ್ದು ನಾಲ್ಕನೇ ಸಲ.

ಸುತ್ತಮುತ್ತ ತೆಗೆಯೋಕೆ ಏನಿದೆ ಅಂತ ಹಾಸ್ಟೆಲ್‌ನಲ್ಲಿ ಕೆಲವರು ಕೇಳ್ತಾರೆ. ಮಲೆನಾಡಲ್ಲ, ಬೀಚ್ ಇಲ್ಲ, ಬರೀ ಬಿಸಿಲು ಅಂತ. ಮಸ್ಕಿಯಿಂದ ಸಿಂಧನೂರು ಕಡೆ ಹೋದ್ರೆ ತುಂಗಭದ್ರಾ ಎಡದಂಡೆ ಕಾಲುವೆಯ ನೆಲ್ಲು, ಲಿಂಗಸುಗೂರು ಕಡೆ ಹೋದ್ರೆ ಬಂಡೆ, ಜೋಳ, ತೊಗರಿ, ಅಲ್ಲಿಂದ ಮುಂದೆ ಕೃಷ್ಣಾ ನದಿ ನಡುವೆ ಜಲದುರ್ಗ. ನಾಟಿಗೆ ಮುಂಚೆ ಗದ್ದೆಯಲ್ಲಿ ನೀರು ನಿಲ್ಲಿಸಿದಾಗ ಇಡೀ ಆಕಾಶ ನೆಲಕ್ಕೆ ಬಂದಿರುತ್ತೆ. ಅದು ಇರೋದು ಕೆಲವೇ ದಿನ. ಹಾಗಾಗಿ ಇಲ್ಲಿ ಫೋಟೋಗ್ರಾಫರ್ ಹವಾಮಾನದ ಆ್ಯಪ್‌ಗಿಂತ ಮೊದಲು ಕಾಲುವೆಗೆ ನೀರು ಯಾವಾಗ ಬಿಡ್ತಾರೆ ಅನ್ನೋ ಸುದ್ದಿ ನೋಡಬೇಕು. ಇನ್ನು ಮಸ್ಕಿಯ ಬಂಡೆ ನಿಮಗೆಲ್ಲ ಪಾಠದಲ್ಲಿ ಬಂದಿದೆ. 1915ರಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದ ಶಾಸನದಲ್ಲಿ 'ದೇವಾನಾಂಪ್ರಿಯ' ಅಂದ್ರೆ ಅಶೋಕನೇ ಅಂತ ಮೊದಲ ಬಾರಿಗೆ ಹೆಸರು ಸಮೇತ ಸಿಕ್ತು. ಎಂಜಿನಿಯರ್‌ಗಳು ಗುಡ್ಡದಲ್ಲಿ ಸುಮ್ಮನೆ ಅಡ್ಡಾಡಿದ್ರೆ ಟೈಮ್ ವೇಸ್ಟ್ ಅನ್ನೋರಿಗೆ ಇದನ್ನ ಹೇಳಿ. ಒಂದು ಎಚ್ಚರಿಕೆ: ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗಗಳಲ್ಲಿ ಟ್ರೈಪಾಡ್ ನಿಲ್ಲಿಸೋಕೆ ಅನುಮತಿ ಬೇಕು, ಕೈಯಲ್ಲಿ ಹಿಡಿದು ತೆಗೆಯೋದಕ್ಕೆ ತೊಂದರೆ ಇಲ್ಲ.

ಒಬ್ಬಳೇ ಯಾಕೆ, ಗುಂಪಲ್ಲಿ ಹೋಗಬಹುದಲ್ಲ? ಇದನ್ನ ನಮ್ಮ ಅಪ್ಪಂದಿರು ಮಾತ್ರ ಅಲ್ಲ, ನಾವೂ ನಮ್ಮನ್ನೇ ಕೇಳಿಕೊಂಡ್ವಿ. ಗುಂಪಲ್ಲಿ ಹೋದ್ರೆ ಒಬ್ಬರಿಗೆ ಹಸಿವು, ಒಬ್ಬರಿಗೆ ಬಸ್ಸಿನ ಚಿಂತೆ. ಮೋಡ ಸರಿಯೋಕೆ ಇನ್ನೂ ಮುಕ್ಕಾಲು ಗಂಟೆ ಕಾಯೋಣ ಅಂದ್ರೆ ಎಲ್ಲರೂ ಗಡಿಯಾರ ನೋಡ್ತಾರೆ. ಮುಂದೆ ಕೆಲಸ ಅಂತ ಮಾಡೋವಾಗ ವಾರಕ್ಕೆ ನಾಲ್ಕು ದಿನ ನಸುಕಲ್ಲಿ ಜೊತೆಗೆ ಬರೋರು ಯಾರೂ ಇರಲ್ಲ, ರೊಕ್ಕ ಕೊಟ್ಟು ಕರ್ಕೊಂಡು ಹೋಗೋ ಶಕ್ತಿ ಶುರುವಲ್ಲಿ ಇರಲ್ಲ. ಹಾಗಂತ ಭಯ ಸುಳ್ಳು ಅಂತಲ್ಲ. ಈ ಕಡೆಯ ಬಂಡೆಗುಡ್ಡಗಳಲ್ಲಿ ಹಾವಿದೆ, ಕೆಲವು ಕಡೆ ಚಿರತೆ, ಕರಡಿಯೂ ಉಂಟು. ಅದಕ್ಕಿಂತ ಹೆಚ್ಚಿನ ಭಯ ಬೈಕ್ ನಿಧಾನ ಮಾಡಿ ಹಿಂದೆ ಬರೋರದ್ದು. ನಾವು ಕಲಿತದ್ದು ಇಷ್ಟು: ಹೊಸ ಜಾಗಕ್ಕೆ ಮೊದಲ ಸಲ ಕತ್ತಲಲ್ಲಿ ಹೋಗಲೇಬಾರದು. ಹಗಲು ಹೋಗಿ ದಾರಿ, ಬಾವಿ, ನಾಯಿ, ನೆಟ್‌ವರ್ಕ್ ಎಲ್ಲಿ ಹೋಗುತ್ತೆ ಅನ್ನೋದೆಲ್ಲ ನೋಡ್ಕೊಂಡು ಬರಬೇಕು. ಅಲ್ಲೊಬ್ಬರಿಗೆ ನಮ್ಮ ಮುಖ ಪರಿಚಯ ಆಗಿರಬೇಕು, ಗುಡಿ ಪೂಜಾರಿಯೋ, ಚಹಾದಂಗಡಿ ಅಕ್ಕನೋ. ಲೈವ್ ಲೊಕೇಶನ್ ಮನೆಗೂ ಒಬ್ಬ ಗೆಳತಿಗೂ ಹೋಗಬೇಕು. ಫೋಟೋನ ಇನ್‌ಸ್ಟಾಗೆ ಹಾಕೋದು ಆ ಜಾಗ ಬಿಟ್ಟ ಮೇಲೆ. 112 ಡಯಲ್ ಮಾಡೋದು ಎಲ್ಲರಿಗೂ ಗೊತ್ತು. ಮನಸ್ಸು ಸರಿ ಅನ್ನಲಿಲ್ಲ ಅಂದ್ರೆ ಫೋಟೋ ಬಿಟ್ಟು ವಾಪಸ್ ಬರೋದು ಮಾತ್ರ ಕಲೀಬೇಕಾಗುತ್ತೆ. ಜಲದುರ್ಗದಲ್ಲಿ ಒಂದು ಸಂಜೆ ನಾವು ಹಾಗೇ ಬಂದ್ವಿ, ಆಕಾಶ ಕೆಂಪಾಗಿತ್ತು. ಆ ಫೋಟೋ ಇಲ್ಲ. ಸಿಟ್ಟು ಇನ್ನೂ ಇದೆ.

ಈಗ ನಮ್ಮ ಮೊದಲ ಪಗಾರದ ಕಥೆ. ನಮ್ಮೂರುಗಳ ಅಂಗಡಿ ಕ್ಯಾಲೆಂಡರ್ ನೋಡಿದ್ದೀರಾ? ಬೀಜ ಗೊಬ್ಬರದ ಅಂಗಡಿ ಕ್ಯಾಲೆಂಡರ್ ಮೇಲೆ ಸ್ವಿಟ್ಜರ್ಲೆಂಡ್ ಗುಡ್ಡ, ಅದರ ಕೆಳಗೆ ಯೂರಿಯಾ ಜಾಹೀರಾತು. ಸಿಂಧನೂರಿನವಳು ಹೋದ ಮಳೆಗಾಲ ನಾಟಿ ಗದ್ದೆಯ ಒಂದು ನಸುಕನ್ನ ತೆಗೆದಿದ್ಲು. ಅವರ ಓಣಿಯ ಪರಿಚಯದ ಅಂಗಡಿಯವರು ಅದನ್ನ ಫೋನಿನಲ್ಲಿ ನೋಡಿ, ಕ್ಯಾಲೆಂಡರ್‌ಗೆ ಕೊಡವ್ವ ಅಂದ್ರು. 1,500 ರೂಪಾಯಿ. ಜನವರಿಯಲ್ಲಿ ಕ್ಯಾಲೆಂಡರ್ ಬಂತು, ಚೆನ್ನಾಗೇ ಬಂದಿತ್ತು. ಅಂಗಡಿ ಹೆಸರು, ಮಾಲೀಕರ ಹೆಸರು, ಪ್ರಿಂಟಿಂಗ್ ಪ್ರೆಸ್ ಹೆಸರು, ಎಲ್ಲ ಇತ್ತು. ಅವಳ ಹೆಸರು ಇರಲಿಲ್ಲ.

ಆಗ ಕೂತು ಕಾಪಿರೈಟ್ ಕಾಯ್ದೆ ಓದಿದ್ವಿ. 1957ರ ಕಾಯ್ದೆ ಪ್ರಕಾರ ಫೋಟೋದ ಮೊದಲ ಹಕ್ಕುದಾರರು ತೆಗೆದವರೇ. ಆದ್ರೆ ಯಾರಾದ್ರೂ ರೊಕ್ಕ ಕೊಟ್ಟು ತೆಗೆಸಿದ್ರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಹಕ್ಕು ತೆಗೆಸಿದವರಿಗೆ ಹೋಗುತ್ತೆ. ಮದುವೆ ಆಲ್ಬಮ್‌ಗೆ ಅನ್ವಯಿಸೋದು ಈ ಎರಡನೇದು. ಸೀನರಿಯಲ್ಲಿ ಲಾಭ ಇರೋದು ಇಲ್ಲೇ: ನಾವೇ ಎದ್ದು, ನಾವೇ ಹೋಗಿ, ಯಾರೂ ಹೇಳದೆ ತೆಗೆದ ಫೋಟೋ ನಮ್ಮದೇ, ನಾವು ಬದುಕಿರೋವರೆಗೂ, ಸತ್ತ ಮೇಲೂ 60 ವರ್ಷ. ಒಂದು ಕ್ಯಾಲೆಂಡರ್‌ಗೆ ಕೊಟ್ಟಿದ್ದು ಆ ಕ್ಯಾಲೆಂಡರ್‌ಗೆ ಮಾತ್ರ ಅಂತ ಎರಡು ಸಾಲು ಬರೆಸಿಕೊಂಡ್ರೆ ಅದೇ ಫೋಟೋನ ಇನ್ನೊಬ್ಬರಿಗೂ ಕೊಡಬಹುದು. ಹಕ್ಕನ್ನೇ ಮಾರಿದ್ರೂ 'ಇದನ್ನ ತೆಗೆದದ್ದು ನಾನು' ಅನ್ನೋ ಹಕ್ಕು ಉಳಿಯುತ್ತೆ, 57ನೇ ಸೆಕ್ಷನ್. ನಮ್ಮವಳು ಏನೂ ಬರೆಸಿಕೊಂಡಿರಲಿಲ್ಲ, ವಾಟ್ಸ್ಯಾಪ್‌ನಲ್ಲಿ ಫುಲ್ ಸೈಜ್ ಕಳಿಸಿಬಿಟ್ಟಿದ್ಲು. ದೇಶದ ಮೊದಲ ಮಹಿಳಾ ಫೋಟೋ ಪತ್ರಕರ್ತೆ ಹೋಮಾಯಿ ವ್ಯಾರಾವಾಲಾ ಅವರ ಶುರುವಿನ ಫೋಟೋಗಳು ಗಂಡನ ಹೆಸರಲ್ಲಿ ಅಚ್ಚಾಗಿದ್ವು. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂದಾಗ ವಯಸ್ಸು 97. ಇದನ್ನ ಹೇಳಿ ಅವಳಿಗೆ ಸಮಾಧಾನ ಮಾಡೋಕೆ ಹೋದ್ರೆ, "97ರ ತನಕ ನಾನು ಕಾಯಲ್ಲ" ಅಂದ್ಲು. ಅಂಗಡಿಯವರನ್ನ ಕೇಳಿದ್ಲು. ಅವರಿಗೆ ಪಾಪ ಹೆಸರು ಹಾಕಬೇಕು ಅನ್ನೋದೇ ಹೊಳೆದಿರಲಿಲ್ಲ. ಮುಂದಿನ ವರ್ಷ ಹಾಕ್ತೀವಿ ಅಂದಿದ್ದಾರೆ.

ಆದ್ರೆ ಹೆಸರಿಲ್ಲದ ಆ ಕ್ಯಾಲೆಂಡರ್ ಮೂರೂ ಮನೆಗಳ ಗೋಡೆ ಮೇಲಿದೆ. ಮಸ್ಕಿಯ ಗೆಳತಿಯ ಅವ್ವ ಬಂದವರಿಗೆಲ್ಲ "ನಮ್ ಹುಡುಗೀರು ತೆಗೆದದ್ದು, ರೊಕ್ಕ ಕೊಟ್ಟಾರ" ಅಂತ ತೋರಿಸ್ತಾರಂತೆ. ಈ ವರ್ಷ ಸಂಕ್ರಾಂತಿ ಹೊತ್ತಿಗೆ ನಮ್ಮಿಬ್ಬರಿಗೆ ಲ್ಯಾಬ್ ಇಂಟರ್ನಲ್ಸ್ ಇತ್ತು, ಅವಳು ಮಾತ್ರ ಊರಿಗೆ ಹೋಗಿದ್ಲು. ಐದು ಗಂಟೆಗೆ ಬ್ಯಾಗ್ ಹಾಕಿಕೊಂಡಾಗ ಅವ್ವ ಮತ್ತೆ ಬಾಗಿಲಲ್ಲಿ. ಈ ಸಲ ಕೈಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ ಗಂಟು. ತಮ್ಮ ಒಳಗೆ ಮಲಗಿದ್ದ, ಎಬ್ಬಿಸಲಿಲ್ಲ.

"ಕ್ಯಾಲೆಂಡರ್ ಕೆಲಸೇನ?" ಅಂತ ಕೇಳಿದ್ರಂತೆ.

"ಹೂಂ ಅವ್ವ" ಅಂದ್ಲಂತೆ ಇವಳು. ಆರ್ಡರ್ ಯಾವುದೂ ಇರಲಿಲ್ಲ.